ಎಮ್ಮೆಮಡುವಿನ ನೀರಿಗೆ ಉಸಿರುಗಟ್ಟಿದಾಗ

ಹರಿಹರದಿಂದ ಎರಡು ಮೈಲಿ ದೂರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಮೂವತ್ತು ಮನೆಗಳ ಒಂದು ಕೇರಿ. ಹೋದ ವರ್ಷ ಆಷಾಢದ ಕೊನೆಗೆ ಹೊಳೆ ತುಂಬಿ ಬಂದು ಆ ಕೇರಿಯೊಳಗೆ ನಾಲ್ಕು ದಿನ ನಿಂತಿತು. ಐದನೆಯ ದಿನ ಇಳಿಯಿತು. ನೆರೆ ಏರುವಾಗ ನೋಡಲು ಊರಿಗೂರೇ ಬರುತ್ತದೆ. ಇಳಿದ ಮೇಲಿನ ಪಾಡು ಮಾತ್ರ ಕೆಸರು ಬಳಿದವರಿಗೇ ಗೊತ್ತು.

ಹಂಪವ್ವ ಎಂಟು ದಿನದಿಂದ ಕೆಸರು ಬಳಿಯುತ್ತಿದ್ದಳು. ಪಡಸಾಲೆಯದು ಬಳಿದರೆ ಅಡಿಗೆ ಮನೆಯದು, ಅದು ಮುಗಿದರೆ ದನದ ಕೊಟ್ಟಿಗೆಯದು. ನೆಲದೊಳಗಿನ ಹಗೇವಿನಲ್ಲಿದ್ದ ಜೋಳಕ್ಕೆ ನೀರು ನುಗ್ಗಿ ಮೂಗು ಮುಚ್ಚಿಕೊಳ್ಳುವಂಥ ನಾತ ಬರುತ್ತಿತ್ತು. ಗಂಡ ಸಣ್ಣಬೀರಪ್ಪ ಬಿದ್ದ ಗೋಡೆಯನ್ನು ಮತ್ತೆ ಕಟ್ಟುತ್ತಿದ್ದ. ಇಬ್ಬರಿಗೂ ಮಾತಾಡುವಷ್ಟು ತ್ರಾಣ ಇರಲಿಲ್ಲ. ಮಾತಾಡಿದರೂ ಒಂದೇ ಮಾತು.

"ವರ್ಷದ ತಿಪ್ಪೆ ಹೋತು ನೋಡು," ಎನ್ನುತ್ತಿದ್ದ ಸಣ್ಣಬೀರಪ್ಪ. "ಹೊಲಕ್ಕೆ ಹೊಡೀಬೇಕು ಅನ್ನಾದ್ರೊಳಗೆ ಹೊಳೆ ತಗಂಡು ಹೋತು."

"ಹುಲ್ಲಿನ ಬಣವೇನೂ ಹೋತು," ಎನ್ನುತ್ತಿದ್ದಳು ಹಂಪವ್ವ.

ಅವರದೊಂದೇ ಅಲ್ಲ. ಆ ಕೇರಿಯ ಮೂವತ್ತು ಮನೆಯ ತಿಪ್ಪೆಗಳೂ ಹೊಳೆ ದಂಡೆಯ ಮೇಲೇ ಸಾಲಾಗಿದ್ದವು. ಕೊಟ್ಟಿಗೆಯಿಂದ ಹತ್ತಿರ, ಸೆಗಣಿ ಪುಟ್ಟಿ ಹೊತ್ತು ದೂರ ಹೋಗುವ ಕೆಲಸವಿಲ್ಲ ಎಂದು ಅವರ ಅಜ್ಜಂದಿರ ಕಾಲದಿಂದಲೂ ಅಲ್ಲೇ ಹಾಕುತ್ತಿದ್ದರು. ನೆರೆ ಅಷ್ಟನ್ನೂ ಬಳಿದುಕೊಂಡು ಹೋಗಿತ್ತು. ಆದರೆ ದೂರ ಒಯ್ದಿರಲಿಲ್ಲ. ಕೇರಿಯ ಪಕ್ಕದಲ್ಲಿ ಹೊಳೆ ತಿರುಗುವ ಕಡೆ ಎಮ್ಮೆಮಡು ಎಂಬ ಒಂದು ಆಳದ ಗುಂಡಿ ಇದೆ. ನೀರು ಇಳಿದ ಮೇಲೆ ಮಡುವಿಗೂ ಹರಿಯುವ ಹೊಳೆಗೂ ನಡುವೆ ಮರಳಿನ ದಿಬ್ಬ ಎದ್ದಿತು. ಸೆಗಣಿ, ಹುಲ್ಲು, ಬೇರುಸಮೇತ ಕಿತ್ತು ಬಂದ ಗಿಡಗಂಟಿ ಎಲ್ಲವೂ ಮಡುವಿನ ತಳದಲ್ಲಿ ಕೂತವು. ಮೇಲೆ ನಿಂತ ನೀರು ದಿನದಿಂದ ದಿನಕ್ಕೆ ಕಪ್ಪಾಯಿತು.

ಆ ನೀರನ್ನೇ ಕೇರಿಯವರು ಕುಡಿಯುತ್ತಿದ್ದರು. ಬಾವಿಯಲ್ಲಿ ಕೆಸರು ತುಂಬಿತ್ತು. ಹರಿಯುವ ಹೊಳೆಗೆ ಹೋಗಬೇಕಾದರೆ ಆ ದಿಬ್ಬ ದಾಟಬೇಕು, ಮೊಣಕಾಲುದ್ದ ಕೆಸರು ತುಳಿಯಬೇಕು. ಯಾರಿಗೆ ಕಾಲಲ್ಲಿ ಅಷ್ಟು ಬಲವಿತ್ತು?

ಒಂಬತ್ತನೆಯ ದಿನ, ಸೋಮವಾರ, ಬೆಳಕು ಹರಿಯುವ ಹೊತ್ತಿಗೆ ಹಂಪವ್ವ ಕೊಡ ತೆಗೆದುಕೊಂಡು ಮಡುವಿಗೆ ಹೋದಳು. ಆಚೆ ದಿಬ್ಬದ ಮೇಲೆ ಯಾರೋ ನಿಂತಿದ್ದರು. ನೋಡಿದರೆ ಮೀನು ಹಿಡಿಯುವ ಹಾಲೇಶಪ್ಪ. ಕೇರಿಯ ಕೊನೆಯ ಮನೆಯವನು, ಹೆಚ್ಚು ಮಾತಿಲ್ಲದ ಮನುಷ್ಯ. ಅವನು ಕೊಡ ಎತ್ತಿ ಏನನ್ನೋ ನೀರಿಗೆ ಸುರಿದ. ಬಗ್ಗಿದ. ಮತ್ತೆ ಎತ್ತಿ ಸುರಿದ. ಹಂಪವ್ವ ನೋಡಿದಳು, ತನ್ನ ಕೊಡ ತುಂಬಿಕೊಂಡಳು, ಮನೆಗೆ ಬಂದಳು. ಆ ಹೊತ್ತಿಗೆ ಅದೇನೆಂದು ಕೇಳುವಷ್ಟೂ ಆಸಕ್ತಿ ಅವಳಿಗಿರಲಿಲ್ಲ.

ಹೊತ್ತು ಏರುವಷ್ಟರಲ್ಲಿ ಮಡುವಿನ ತುಂಬ ಮೀನು ಹೊಟ್ಟೆ ಮೇಲಾಗಿ ತೇಲತೊಡಗಿದವು. ಬೆಳ್ಳಗೆ, ಹಾಸಿದ ಹಾಗೆ. ಸಣ್ಣಬೀರಪ್ಪ ಒಂದು ಪುಟ್ಟಿ ತುಂಬ ಬಾಚಿಕೊಂಡು ಬಂದ.

"ಗಂಗಮ್ಮ ತಾಯಿ ಕೊಟ್ಟಾಳೆ. ಬಲೆ ಬ್ಯಾಡ, ಗಾಳ ಬ್ಯಾಡ. ಸಾರು ಮಾಡು," ಎಂದ.

"ಸತ್ತ ಮೀನಲ್ಲೇನ್ರಿ? ನಾತ ಹೊಡೀತೈತೆ."

"ಹೊಳೆ ಮೀನು ನಾತ ಹೊಡೀದೆ ಮಲ್ಲಿಗೆ ಹೂವಿನಂಗೆ ಇರ್ತಾವೇನು? ಖಾರ ಜಾಸ್ತಿ ಹಾಕು."

ವಾದ ಮಾಡುವುದಕ್ಕಿಂತ ಸಾರು ಮಾಡುವುದೇ ಸುಲಭ ಎನಿಸಿತು ಹಂಪವ್ವನಿಗೆ. ಮಾಡಿದಳು. ಸೋಮವಾರ ಒಪ್ಪತ್ತು ಇದ್ದುದರಿಂದ ತಾನು ಮುಟ್ಟಲಿಲ್ಲ. ಸಣ್ಣಬೀರಪ್ಪ ಎರಡು ಮುದ್ದೆ ಉಂಡ.

ಸಂಜೆಗೆ ಶುರುವಾಯಿತು. ಮೊದಲು ವಾಂತಿ, ಆಮೇಲೆ ಭೇದಿ. ಗೋಡೆ ಕಟ್ಟುತ್ತಿದ್ದ ಗಟ್ಟಿ ಆಳು ಗೋಡೆ ಹಿಡಿದುಕೊಂಡು ನಡೆಯುವಂತಾದ. ಕಣ್ಣು ಒಳಗೆ ಹೋದವು. ಪಕ್ಕದ ಮನೆಯಿಂದಲೂ ನರಳಾಟ ಕೇಳಿಸಿತು. ಅಲ್ಲೂ ಅದೇ ಮೀನು ಬೇಯಿಸಿದ್ದರು. ಕೇರಿಯಲ್ಲಿ ಐದು ಜನ ಹಾಸಿಗೆ ಹಿಡಿದರು.

ಹೆಂಗಸರು ಬಾಗಿಲಲ್ಲಿ ಕೂಡಿದರು. "ಏನಾತು? ಯಾಕ ಹಿಂಗಾತು?" ಎಂದು ಒಬ್ಬರನ್ನೊಬ್ಬರು ಕೇಳಿದರು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹಂಪವ್ವನ ಬಾಯಿಂದ ಆಗ ಆ ಮಾತು ಬಂತು.

"ಬೆಳಿಗ್ಗೆ ಹಾಲೇಶಪ್ಪ ಹೊಳ್ಯಾಗೆ ಕೊಡದಿಂದ ಏನೋ ಸುರೀತಿದ್ದ. ನಾನು ಕಣ್ಣಾರೆ ಕಂಡೀನಿ."

ಇಷ್ಟೇ ಅವಳು ಹೇಳಿದ್ದು. ಆದರೆ ಮಾತು ಬಾಯಿಂದ ಬಾಯಿಗೆ ಹೋಗುವಷ್ಟರಲ್ಲಿ ಕೊಡದಲ್ಲಿ ವಿಷ ತುಂಬಿಕೊಂಡಿತು. ಮೀನು ಸುಲಭವಾಗಿ ಸಿಗಲಿ ಅಂತ ಹಾಲೇಶಪ್ಪ ಮಡುವಿಗೆ ವಿಷ ಹಾಕಿದ್ದಾನೆ ಎಂದು ಕೇರಿ ತೀರ್ಮಾನಿಸಿತು. ನಾಲ್ಕು ಜನ ಹೋಗಿ, ಗಳಕ್ಕೆ ಒಣಹಾಕಿದ್ದ ಅವನ ಬಲೆಯನ್ನು ಕುಡುಗೋಲಿನಿಂದ ಕೊಯ್ದು ಹಾಕಿದರು. ಅವನು ಏನೋ ಹೇಳಲು ಹೋದ. ಕೇಳುವವರು ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಮಲಕ್ಕ ಬಂದಳು. ಕಮಲಕ್ಕ ಗ್ರಾಮಸೇವಕಿ, ದಾವಣಗೆರೆಯ ಬ್ಲಾಕ್ ಆಫೀಸಿನವಳು. ನೆರೆ ಬಂದ ಹಳ್ಳಿಗಳಿಗೆ ಬ್ಲೀಚಿಂಗ್ ಪುಡಿ ಹಂಚುತ್ತ ಹದಿನೈದು ದಿನದಿಂದ ಸುತ್ತುತ್ತಿದ್ದಳು. ಅವಳ ಸೀರೆಯ ಅಂಚೂ ಕೆಸರು, ಮುಖವೂ ಬಾಡಿತ್ತು. ಸಣ್ಣಬೀರಪ್ಪನ ಕೈ ಚರ್ಮ ಹಿಡಿದು ಎಳೆದು ನೋಡಿದಳು. ಚರ್ಮ ಎಳೆದಲ್ಲೇ ನಿಂತಿತು.

"ಹಂಪವ್ವ, ಮಾತಾಡ್ತಾ ಕೂಡೋ ಹೊತ್ತಲ್ಲ ಇದು. ಗಾಡಿ ಕಟ್ಟಿಸು. ಐದೂ ಜನಾನ ದಾವಣಗೆರೆ ಆಸ್ಪತ್ರೆಗೆ ಒಯ್ಯಾಣ. ದಾರಿ ಉದ್ದಕ್ಕೂ ಉಪ್ಪು ಹಾಕಿದ ಗಂಜಿ ತಿಳಿ ಗುಟುಕು ಗುಟುಕು ಕುಡಿಸ್ತಾ ಇರು."

ಗಾಡಿಯಲ್ಲಿ ರಸ್ತೆಯವರೆಗೆ, ಅಲ್ಲಿಂದ ಹತ್ತಿ ಹೇರಿದ್ದ ಲಾರಿಯಲ್ಲಿ ದಾವಣಗೆರೆಗೆ. ಆಸ್ಪತ್ರೆಯಲ್ಲಿ ಸಣ್ಣಬೀರಪ್ಪನ ತೋಳಿಗೆ ಸೂಜಿ ಚುಚ್ಚಿ ಗ್ಲುಕೋಸ್ ನೀರು ಇಳಿಸಿದರು. ಡಾಕ್ಟರು ಬಂದು ನೋಡಿದರು, ಏನೇನು ತಿಂದಿರಿ, ಎಲ್ಲಿಯ ನೀರು ಕುಡಿದಿರಿ ಎಂದು ಕೇಳಿದರು.

"ಇದು ವಿಷ ಅಲ್ಲಮ್ಮ. ಸತ್ತು ಕೊಳೆತ ಮೀನು, ಮೇಲೆ ಹೊಲಸು ನೀರು. ಒಂದು ದಿನ ತಡವಾಗಿದ್ರೆ ಉಳೀತಿರಲಿಲ್ಲ," ಎಂದರು.

ಹಂಪವ್ವ ತಲೆ ಆಡಿಸಿದಳು. ನಂಬಲಿಲ್ಲ. ವರಾಂಡದಲ್ಲಿ ಗೋಡೆಗೊರಗಿ ಕೂತಳು. ಹತ್ತಿರದ ಮಿಲ್ಲಿನ ಸೈರನ್ ಕೂಗಿತು. ಪಾಳಿ ಮುಗಿಸಿದ ಜನ ರಸ್ತೆಯ ತುಂಬ ನಡೆದು ಹೋದರು. ಅವರಿಗೂ ದಣಿವು, ತನಗೂ ದಣಿವು. ಕಮಲಕ್ಕ ಬಂದು ಪಕ್ಕದಲ್ಲಿ ಕೂತಳು.

"ಅಕ್ಕಾರೆ, ಡಾಕ್ಟ್ರು ಏನಾರ ಅನ್ಲಿ," ಎಂದಳು ಹಂಪವ್ವ. "ಮನುಷ್ರು ಸತ್ತ ಮೀನು ತಿಂದು ಬಿದ್ರು, ಒಪ್ಪಿದೆ. ಆ ಮೀನು ಯಾಕ ಸತ್ವು? ಅವೇನು ತಿಂದಿದ್ವು? ಹಾಲೇಶಪ್ಪ ಸುರಿದಿದ್ದು ಸುಳ್ಳೇನು?"

ಕಮಲಕ್ಕ ಹೇಳಿದಳು: "ನೀನು ಕಂಡಿದ್ದು ಸುಳ್ಳಲ್ಲ. ಕಂಡಿದ್ದೇನು ಅಂತ ಅವನ್ನ ಕೇಳಿದ್ಯಾ?"

"ಇಲ್ಲ."

"ಯಾರಾದ್ರೂ ಕೇಳಿದ್ರಾ?"

ಹಂಪವ್ವ ಸೆರಗಿಗೆ ಅಂಟಿದ್ದ ಕೆಸರು ಉಜ್ಜತೊಡಗಿದಳು.

"ಇಲ್ಲೇ ಮೀನುಗಾರಿಕೆ ಇಲಾಖೆಯಾಗೆ ಮುರುಗೇಶಪ್ಪ ಅಂತ ಒಬ್ರು ಅದಾರೆ. ನೀರು ಪರೀಕ್ಷೆ ಮಾಡೋ ಪೆಟ್ಟಿಗೆ ಐತೆ ಅವರತ್ರ. ಕರ್ಕೊಂಡು ಬರ್ತೀನಿ. ಅವರು ವಿಷ ಅಂದ್ರೆ ವಿಷ. ಅಲ್ಲ ಅಂದ್ರೆ ನೀನು ಒಪ್ಕೋಬೇಕು."

"ಪೆಟ್ಟಿಗೆ ಹೇಳತೈತೇನ್ರಿ?" ಎಂದಳು ಹಂಪವ್ವ. ಆದರೂ ಬೇಡ ಎನ್ನಲಿಲ್ಲ.

ಮೂರು ದಿನದ ಮೇಲೆ ಸಣ್ಣಬೀರಪ್ಪ ಎದ್ದು ಕೂತ. ಐದೂ ಜನ ಉಳಿದರು. ಕೇರಿಗೆ ಹಿಂದಿರುಗಿದಾಗ ಹಂಪವ್ವ ಮೊದಲು ಕಂಡದ್ದು ಹಾಲೇಶಪ್ಪನ ಹೆಂಡತಿ ಕೊಟ್ರವ್ವನನ್ನು. ದಂಡೆಯಿಂದ ದೂರ ಖಾಲಿ ಕೊಡ ಹಿಡಿದು ನಿಂತಿದ್ದಳು. ಅವಳು ನೀರಿಗೆ ಇಳಿಯಬಾರದು ಎಂದು ಹೆಂಗಸರು ತಡೆದಿದ್ದರು. ಮನೆಯ ಮುಂದೆ ಹಾಲೇಶಪ್ಪ ತುಂಡಾದ ಬಲೆಯನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದ. ಹಂಪವ್ವ ತಲೆ ತಗ್ಗಿಸಿ ನಡೆದು ಹೋದಳು.

ಮರುದಿನ ಬೆಳಿಗ್ಗೆ ಹೊತ್ತು ಹುಟ್ಟುವ ಮುಂಚೆಯೇ ಕಮಲಕ್ಕನ ಜೊತೆ ಮುರುಗೇಶಪ್ಪನವರು ಬಂದರು. ಕನ್ನಡಕ, ಖಾಕಿ ಚಡ್ಡಿ, ಕೈಯಲ್ಲೊಂದು ಮರದ ಪೆಟ್ಟಿಗೆ. ಕೇರಿಗೆ ಕೇರಿಯೇ ದಂಡೆಯಲ್ಲಿ ನೆರೆಯಿತು. ಅವರು ಎರಡು ಗಾಜಿನ ಸೀಸೆ ತೆಗೆದರು. ಒಂದಕ್ಕೆ ಮಡುವಿನ ನೀರು ತುಂಬಿದರು. ಇನ್ನೊಂದನ್ನು ಹಿಡಿದು, ಪ್ಯಾಂಟಿಲ್ಲದ್ದೇ ಒಳ್ಳೆಯದಾಯಿತು ಎನ್ನುತ್ತ ಕೆಸರು ತುಳಿದು ದಿಬ್ಬ ದಾಟಿ, ಹರಿಯುವ ಹೊಳೆಯ ನೀರು ತುಂಬಿ ತಂದರು. ಎರಡನ್ನೂ ಒಂದು ಕಲ್ಲಿನ ಮೇಲೆ ಅಕ್ಕಪಕ್ಕ ಇಟ್ಟರು. ಎರಡಕ್ಕೂ ಒಂದೇ ಔಷಧಿಗಳನ್ನು ಅಷ್ಟಷ್ಟೇ ಹನಿ ಹಾಕಿ, ಬಿರಡೆ ಹಾಕಿ ಅಲುಗಾಡಿಸಿದರು.

"ಈಗ ನೋಡ್ರಿ. ನೀರಾಗೆ ಗಾಳಿ ಇದ್ರೆ ಕಂದು ಬಣ್ಣ ಬರ್ತೈತೆ. ಇಲ್ಲದಿದ್ರೆ ಬೆಳ್ಳಗೆ ಉಳೀತೈತೆ."

"ನೀರಾಗೆ ಗಾಳಿ ಎಲ್ಲಿಂದ ಬರ್ತೈತೆ ಸಾಹೇಬ್ರೆ?" ಎಂದ ಸಣ್ಣಬೀರಪ್ಪ. ಇನ್ನೂ ಕೋಲು ಹಿಡಿದೇ ನಿಂತಿದ್ದ.

"ಹರಿಯೋ ನೀರು ಕಲ್ಲಿಗೆ ಬಡಿದು, ಅಲೆ ಎದ್ದು, ಗಾಳೀನ ಒಳಗೆ ಎಳ್ಕೊಂಡಿರ್ತೈತೆ. ನಮ್ಮ ಕಣ್ಣಿಗೆ ಕಾಣಲ್ಲ. ಮೀನು ಅದನ್ನೇ ಉಸಿರಾಡ್ತಾವೆ. ನಮಗೂ ಅದೇ ಗಾಳಿ ಬೇಕು, ಅವಕ್ಕೂ ಅದೇ ಬೇಕು. ಆಮ್ಲಜನಕ ಅಂತಾರೆ."

ಹೊಳೆಯ ನೀರಿನ ಸೀಸೆಯಲ್ಲಿ ಬೆಲ್ಲದ ಬಣ್ಣದ ಗಷ್ಟು ತಳಕ್ಕೆ ಇಳಿಯತೊಡಗಿತು. ಮಡುವಿನ ನೀರಿನದು ಒಡೆದ ಹಾಲಿನ ಹಾಗೆ ಬೆಳ್ಳಗೇ ಉಳಿಯಿತು.

"ಈ ಮಡುವಿನಾಗೆ ಉಸಿರೇ ಇಲ್ಲ," ಎಂದರು ಮುರುಗೇಶಪ್ಪನವರು. "ಮೀನು ಉಸಿರುಗಟ್ಟಿ ಸತ್ತಾವೆ."

"ವಿಷಕ್ಕೇ ಹಂಗೆ ಆಗಿರಬೌದಲ್ಲ?" ಎಂದು ಹಿಂದಿನಿಂದ ಒಬ್ಬರು ಕೂಗಿದರು.

ಆಗ ಹಾಲೇಶಪ್ಪ ಮಾತಾಡಿದ. ಗುಂಪಿನ ಆಚೆ ಒಬ್ಬನೇ ನಿಂತಿದ್ದ ಅವನು ಅಷ್ಟು ದಿನದ ಮೇಲೆ ಬಾಯಿ ತೆರೆದದ್ದು ಅದೇ ಮೊದಲು.

"ವಿಷ ಹಾಕಿದ್ರೆ ಕುಚ್ಚು ಮೀನೂ ಸಾಯ್ತಿತ್ತಲ್ರಿ. ನೋಡ್ರಿ, ಅಗಾ, ಅದು ಬದುಕೈತೆ. ಅದು ಮ್ಯಾಲೆ ಬಂದು ನಮ್ಮಂಗೆ ಗಾಳಿ ಕುಡಿಯೋ ಜಾತಿ. ನೀರಾಗಿನ ಗಾಳಿ ನಂಬಿದವು ಅಷ್ಟೇ ಸತ್ವು."

ಎಲ್ಲರೂ ನೋಡಿದರು. ನಿಜ. ಕಪ್ಪು ನೀರಿನಿಂದ ಒಂದು ಕುಚ್ಚು ಮೀನು ಮೂತಿ ಎತ್ತಿ, ಒಂದು ಗುಟುಕು ಗಾಳಿ ಕುಡಿದು ಮುಳುಗಿತು.

"ಹಂಗಾದ್ರೆ ಅವತ್ತು ನೀನು ಸುರೀತಿದ್ದಿದ್ದೇನು?" ಎಂದು ಕೇಳಿದಳು ಹಂಪವ್ವ.

"ಮೀನು," ಎಂದ ಹಾಲೇಶಪ್ಪ. "ಬೆಳಗಿನ ಜಾವ ಬಂದು ನೋಡಿದ್ರೆ ಎಲ್ಲಾ ಮ್ಯಾಲೆ ಬಂದು ಬಾಯಿ ಬಿಡ್ತಿದ್ವು. ಮರಿಗಳೂ ಇದ್ವು. ಕೊಡದಾಗೆ ತುಂಬಿ ತುಂಬಿ ದಿಬ್ಬದಾಚೆ ಹರಿಯೋ ನೀರಿಗೆ ಬಿಡ್ತಿದ್ದೆ. ಎಷ್ಟು ಅಂತ ಬಿಡ್ಲಿ? ಕೈ ಸೋತ್ವು."

ಮುರುಗೇಶಪ್ಪನವರು ಒಂದು ಬಿದಿರುಗಳ ತೆಗೆದುಕೊಂಡು ಮಡುವಿನ ತಳ ಕೆದಕಿದರು. ಗುಳುಗುಳು ಗುಳ್ಳೆ ಎದ್ದವು, ಕೊಳೆತ ಮೊಟ್ಟೆಯ ನಾತ ಎದ್ದಿತು. ಗಳದ ತುದಿಗೆ ಸಿಕ್ಕಿ ಮೇಲೆ ಬಂದದ್ದು ಕರ್ರಗೆ ಕೊಳೆತ ಹುಲ್ಲು, ಸೆಗಣಿ.

"ಗಾಳಿ ಕದ್ದ ಕಳ್ಳ ಈ ಕೊಳೆ," ಎಂದರು. "ಸೆಗಣಿ, ಹುಲ್ಲು ನೀರಾಗೆ ಕೊಳೀವಾಗ, ಅದನ್ನ ಕೊಳೆಸೋ ಕ್ರಿಮಿಗಳು ಕೋಟಿ ಕೋಟಿ ಹುಟ್ಟಿ ನೀರಾಗಿನ ಗಾಳೀನೆಲ್ಲ ಉಂಡು ಬಿಡ್ತಾವೆ. ನಿಂತ ನೀರಿಗೆ ಹೊಸ ಗಾಳಿ ಬೇಗ ಬರಲ್ಲ. ಮೋಡ ಮುಚ್ಚಿದ ಸೆಕೆ ಬ್ಯಾರೆ. ಬೆಳಗಿನ ಜಾವಕ್ಕೆ ಗಾಳಿ ಪೂರಾ ಖಾಲಿ. ಇಷ್ಟೊಂದು ಸೆಗಣಿ ಇಲ್ಲಿಗೆ ಹೆಂಗೆ ಬಂತು? ಯಾರ ತಿಪ್ಪೆ ಇದು?"

ಗಂಡಸರು ನೆಲ ನೋಡಿದರು. ಎಲ್ಲರಿಗೂ ಗೊತ್ತಿತ್ತು.

"ನಮ್ದು," ಎಂದಳು ಹಂಪವ್ವ.

ಸಣ್ಣಬೀರಪ್ಪ ಅವಳ ಕಡೆ ತಿರುಗಿದ.

"ಹೌದ್ರಿ, ನಮ್ದೇ. ನಮ್ಮ ತಿಪ್ಪೆ ಹೋತು, ಹೋತು ಅಂತ ಎಂಟು ದಿನ ಅತ್ವಿ. ಎಲ್ಲಿಗೆ ಹೋತು ಅಂತ ಒಂದಿನ ನೋಡಲಿಲ್ಲ. ಈ ಮೂವತ್ತು ಮನೀದೂ ಇಲ್ಲೇ ಐತೆ. ಅದೇ ನೀರು ಕುಡಿದ್ವಿ. ಬದುಕಿಸಾಕೆ ಬಂದೋನ್ನ ವಿಷ ಹಾಕಿದೋನು ಅಂದ್ವಿ. ಮೊದಲು ಅಂದೋಳು ನಾನು."

ಹಾಗೆ ಹೇಳಿ ಅವಳು ಗುಂಪು ದಾಟಿ ಕೊಟ್ರವ್ವನ ಬಳಿ ಹೋದಳು. "ತಂಗಿ, ತಪ್ಪಾತು," ಎಂದಳು. ಕೊಟ್ರವ್ವ ಅಳಲಿಲ್ಲ, ಬೈಯಲಿಲ್ಲ. "ಬಲೆ ಹೆಣೆಯೋಕೆ ಎರಡು ತಿಂಗ್ಳು ಹಿಡೀತೈತೆ ಯಕ್ಕಾ. ಅಲ್ಲೀತನ ಏನು ಉಣ್ಣಾಣ?" ಎಂದಳು.

ಅಂದು ಕಮಲಕ್ಕ ಹಂಪವ್ವನ ಮನೆಯ ಕಟ್ಟೆಯ ಮೇಲೆ ಹೆಂಗಸರನ್ನೆಲ್ಲ ಕೂಡಿಸಿದಳು.

"ಮಡುವಿನ ನೀರು ಸದ್ಯಕ್ಕೆ ಬ್ಯಾಡವೇ ಬ್ಯಾಡ. ದಿಬ್ಬ ದಾಟಿ ಹರಿಯೋ ನೀರು ತರ್ರಿ. ಅದೂ ಕುಡಿಯೋಕೆ ಹಂಗೇ ಆಗಲ್ಲ, ಬಟ್ಟೆಯಾಗೆ ಸೋಸಿ ಕುದಿಸಬೇಕು."

"ಕುದಿಸೋಕೆ ಸೌದೆ ಎಲ್ಲೈತ್ರಿ ಅಕ್ಕಾರೆ?" ಎಂದಳು ಹಂಪವ್ವ. "ಇದ್ದ ಕಟ್ಟಿಗೆ ಎಲ್ಲಾ ನೆಂದೈತೆ. ಮುದ್ದೆ ಬೇಯಿಸೋದೇ ಕಷ್ಟ. ಹೇಳೋದು ಸುಲಭ."

ಕಮಲಕ್ಕ ಸಿಟ್ಟಾಗಲಿಲ್ಲ. "ನಿಜ, ಹೇಳೋದು ಸುಲಭ. ಎಲ್ಲಾ ನೀರು ಕುದಿಸು ಅನ್ನಲ್ಲ. ಕುಡಿಯೋಕೆ ಅಂತ ಒಂದೇ ಒಂದು ಗಡಿಗೆ ಬ್ಯಾರೆ ಇಡು. ಮುದ್ದೆ ಇಳಿಸಿದ ಮ್ಯಾಲೆ ಅದೇ ಉರಿಗೆ ಇನ್ನೆರಡು ಕಡ್ಡಿ ಹಾಕಿ ಆ ಗಡಿಗೆ ಏರಿಸು. ಕೊತಕೊತ ಕುದಿಬೇಕು. ಮುಚ್ಚಿ ಇಡು. ಕೈ ಅದ್ದಬ್ಯಾಡ, ಬಗ್ಗಿಸಿಕೊಂಡು ಕುಡೀರಿ. ಬಾವಿ ಕೆಸರು ಎತ್ತಿದ್ರೆ ಬ್ಲೀಚಿಂಗ್ ಪುಡಿ ನಾನೇ ಹಾಕಿಸ್ತೀನಿ. ಆಮ್ಯಾಲೆ ಇಷ್ಟು ತೊಂದರೆ ಇರಲ್ಲ."

"ಸತ್ತ ಮೀನು?"

"ದಂಡಿಂದ ದೂರ, ಎತ್ತರದಾಗೆ ಗುಂಡಿ ತೋಡಿ ಮಣ್ಣು ಮುಚ್ರಿ. ತಾನಾಗೇ ಸತ್ತು ತೇಲಿದ ಮೀನು ನಾಯಿಗೂ ಹಾಕಬ್ಯಾಡ್ರಿ."

ಗಂಡಸರು ಎರಡು ದಿನ ಬಾವಿಯ ಕೆಸರು ಎತ್ತಿದರು. ಆಮೇಲೆ ಹಾಲೇಶಪ್ಪ ಹೇಳಿದ ಕಡೆ ದಿಬ್ಬವನ್ನು ಕಡಿದು ಕಾಲುವೆ ಬಿಟ್ಟರು. ಹೊಳೆ ಮಡುವಿಗೆ ನುಗ್ಗಿ, ಕಪ್ಪು ನೀರು ಸ್ವಲ್ಪ ಸ್ವಲ್ಪವಾಗಿ ತಿಳಿಯಾಯಿತು. ತಿಪ್ಪೆಯ ಕೆಲಸ ಮಾತ್ರ ಯಾರಿಗೂ ಬೇಡವಾಗಿತ್ತು. ಹೊಸ ಜಾಗ ದಂಡೆಯಿಂದ ಮುನ್ನೂರು ಮಾರು ಮೇಲೆ, ದಿನ್ನೆಯ ಮೇಲೆ. ಹಂಪವ್ವ ಮೊದಲ ಪುಟ್ಟಿ ಹೊತ್ತಳು. ದಿನವೂ ಹೊತ್ತಳು. ಕುತ್ತಿಗೆ ನೋಯುತ್ತಿತ್ತು, ಸೊಂಟ ಹಿಡಿಯುತ್ತಿತ್ತು. ಹತ್ತು ದಿನ ಕೇರಿ ಅವಳನ್ನು ನೋಡಿತು. ಹನ್ನೊಂದನೆಯ ದಿನ ಪಕ್ಕದ ಮನೆಯವಳು ಪುಟ್ಟಿ ಎತ್ತಿದಳು. ದೀಪಾವಳಿಯ ಹೊತ್ತಿಗೆ ಮೂವತ್ತರಲ್ಲಿ ಇಪ್ಪತ್ತಾರು ತಿಪ್ಪೆ ದಿನ್ನೆ ಹತ್ತಿದ್ದವು. ಹಾಲೇಶಪ್ಪನ ಮನೆಗೆ ದಿನಕ್ಕೊಂದು ಮನೆಯಿಂದ ಕಾಳು ಹೋಗುತ್ತಿತ್ತು, ಬಲೆ ಮುಗಿಯುವವರೆಗೂ. ಸಂಜೆ ಹೊತ್ತು ಹಂಪವ್ವ ಕೊಟ್ರವ್ವನ ಪಕ್ಕದಲ್ಲಿ ಕೂತು ನೂಲು ಸುತ್ತಿ ಕೊಡುತ್ತಿದ್ದಳು. ಮೊದಮೊದಲು ಇಬ್ಬರ ನಡುವೆ ಮಾತಿರಲಿಲ್ಲ. ಆಮೇಲೆ ಒಂದೆರಡು ಮಾತು ಬಂದವು.

ಈ ವರ್ಷವೂ ಹೊಳೆ ಉಕ್ಕಿತು. ಕೇರಿಯಲ್ಲಿ ಒಬ್ಬರಿಗೂ ವಾಂತಿಭೇದಿ ಆಗಲಿಲ್ಲ. ಆದರೆ ನೆರೆ ಇಳಿದ ಮೇಲೆ ಮಡುವಿನಲ್ಲಿ ಮತ್ತೆ ಇಪ್ಪತ್ತು ಮೂವತ್ತು ಮೀನು ತೇಲಿದವು. ಹಂಪವ್ವ ಸೋತ ಮುಖದಿಂದ ಹಾಲೇಶಪ್ಪನನ್ನು ಕೇಳಿದಳು: "ಇಷ್ಟು ಹೊತ್ತರೂ ಮತ್ಯಾಕ ಸತ್ವು?"

"ಮೇಲಿನ ಊರೋರ ತಿಪ್ಪೆ ಇನ್ನೂ ದಂಡಿ ಮ್ಯಾಲೇ ಅದಾವಲ್ಲವ್ವ," ಎಂದ ಹಾಲೇಶಪ್ಪ.

ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಆ ಮೇಲಿನ ಊರು ನಿಮ್ಮದೇ ಇರಬಹುದು. ಮಳೆಗಾಲ ಹಿಡಿಯುವ ಮೊದಲು ಒಮ್ಮೆ ದಂಡೆಗೆ ಹೋಗಿ ನೋಡಿರಿ. ನಿಮ್ಮ ತಿಪ್ಪೆ, ಬಣವೆ, ಕಸ ನೆರೆಯ ಕೈಗೆ ಸಿಗುವಲ್ಲಿ ಇದ್ದರೆ ಎತ್ತರಕ್ಕೆ ಸಾಗಿಸಿರಿ. ನೆರೆ ಇಳಿದ ಮೇಲೆ ಕಪ್ಪಾದ ನಿಂತ ನೀರು ಕುಡಿಯಬೇಡಿರಿ, ಕುಡಿಯುವ ಒಂದು ಗಡಿಗೆಯನ್ನಾದರೂ ಕುದಿಸಿರಿ, ತಾನಾಗಿ ತೇಲಿದ ಮೀನನ್ನು ಹೂಳಿರಿ. ಯಾರ ಮೇಲಾದರೂ ತಪ್ಪು ಹೊರಿಸುವ ಮೊದಲು ಗ್ರಾಮಸೇವಕರನ್ನೋ ಆರೋಗ್ಯದವರನ್ನೋ ಕರೆಸಿ ನೀರು ನೋಡಿಸಿರಿ. ದಣಿವಾಗುತ್ತದೆ, ಗೊತ್ತು. ಹಂಪವ್ವನಿಗೂ ಆಗಿತ್ತು. ನೀವು ಒಂದು ಪುಟ್ಟಿ ಎತ್ತಿದರೆ, ಹೊಳೆಯ ಕೆಳಗೆ ನೀವು ಕಾಣದ ಯಾವುದೋ ಮನೆಯವರು ಆ ದಿನ ನೆಮ್ಮದಿಯಾಗಿ ನೀರು ಕುಡಿಯುತ್ತಾರೆ.